ಮಿನಿವ್ಯಾನ್‌ನ ಇಂಧನ ಒತ್ತಡದ ಸೆನ್ಸರನ್ನು ಸ್ವತಃ ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಧನ ಒತ್ತಡದ ಸೆನ್ಸರ್ ಎಂದರೆ ಯಾವುದು? ಅದು ಎಲ್ಲಿರುತ್ತದೆ?

ಟ್ಯಾಂಕಿನೊಳಗಿನ ಪಂಪು ಮೇಲಕ್ಕೆ ತಳ್ಳಿದ ಇಂಧನವು ಎಂಜಿನ್ನಿನ ಬಳಿ ಫ್ಯುಯೆಲ್ ರೈಲ್ ಎಂಬ ಗಟ್ಟಿ ಕೊಳವೆಯನ್ನು ಸೇರುತ್ತದೆ, ಅಲ್ಲಿಂದ ಒಂದೊಂದು ಸಿಲಿಂಡರಿಗೆ ಇಂಧನ ಸಿಂಪಡಿಸುವ ಇಂಜೆಕ್ಟರಿಗೂ ಹಂಚಿಕೆಯಾಗುತ್ತದೆ. ಆ ಕೊಳವೆಯ ತುದಿಯಲ್ಲೋ ಬೆನ್ನಿನ ಮೇಲೋ ಕೂರಿಸಿದ, ಹೆಬ್ಬೆರಳಿನಷ್ಟು ಗಾತ್ರದ, ಸಾಮಾನ್ಯವಾಗಿ ಮೂರು ತಂತಿಗಳ ಕನೆಕ್ಟರ್ ಸಿಕ್ಕಿಸಿಕೊಂಡಿರುವ ಭಾಗವೇ ಈ ಸೆನ್ಸರ್. ಅದರೊಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಇಂಧನ ಒತ್ತಿದಷ್ಟೂ ಪೊರೆ ಬಾಗುತ್ತದೆ, ಬಾಗಿದಷ್ಟೂ ಅದರ ಮೇಲಿನ ಸೂಕ್ಷ್ಮ ವಿದ್ಯುತ್ ರೋಧಗಳ ಪ್ರಮಾಣ ಬದಲಾಗುತ್ತದೆ, ಆ ಬದಲಾವಣೆಯು ಹೆಚ್ಚಿನ ವಾಹನಗಳಲ್ಲಿ ಸುಮಾರು 0.5 ವೋಲ್ಟಿನಿಂದ 4.5 ವೋಲ್ಟಿನವರೆಗಿನ ಸಂಕೇತವಾಗಿ ಎಂಜಿನ್ ಕಂಪ್ಯೂಟರಿಗೆ ತಲುಪುತ್ತದೆ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು, ಪಂಪು ಎಷ್ಟು ಬಲವಾಗಿ ತಳ್ಳಬೇಕು ಎಂಬ ಲೆಕ್ಕವನ್ನು ಕಂಪ್ಯೂಟರು ಈ ಸಂಕೇತವನ್ನು ನಂಬಿಯೇ ಹಾಕುತ್ತದೆ.

ಹೆಸರಿನ ಗೊಂದಲವನ್ನು ಇಲ್ಲಿಯೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಟ್ಯಾಂಕಿನ ಮೇಲ್ಭಾಗದಲ್ಲಿ ಆವಿಯ ಒತ್ತಡವನ್ನು ಅಳೆಯುವ ಇನ್ನೊಂದು ಸೆನ್ಸರ್ ಇರುತ್ತದೆ, ಅದು ಬೇರೆ. ಎಂಜಿನ್ ಆಯಿಲ್ ಒತ್ತಡದ ಸೆನ್ಸರ್ ಬೇರೆ. ಇಂಧನವನ್ನು ಸಿಲಿಂಡರಿನೊಳಕ್ಕೇ ಚಿಮ್ಮಿಸುವ, ಅಂದರೆ ನೇರ ಇಂಜೆಕ್ಷನ್ನಿನ, ಕೆಲವು ಎಂಜಿನ್ನುಗಳಲ್ಲಿ ಕಡಿಮೆ ಒತ್ತಡದ ಕಡೆಗೊಂದು, ಹೆಚ್ಚಿನ ಒತ್ತಡದ ಕಡೆಗೊಂದು ಎಂದು ಎರಡು ಇಂಧನ ಸೆನ್ಸರುಗಳೇ ಇರುತ್ತವೆ. ಬಿಡಿಭಾಗ ತರಿಸುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಗೊಂದಲದಿಂದಲೇ ಹುಟ್ಟುತ್ತವೆ.

ನನ್ನ ವ್ಯಾನಿನಲ್ಲಿ ಈ ಸೆನ್ಸರ್ ಇದ್ದೇ ಇರುತ್ತದೆಯೇ?

ಇರಲೇಬೇಕೆಂದಿಲ್ಲ. ಇನ್‌ಟೇಕ್ ಮಾರ್ಗದಲ್ಲಿ (ಎಂಜಿನ್ನಿಗೆ ಗಾಳಿ ಒಳಹೋಗುವ ದಾರಿಯಲ್ಲಿ) ಪೆಟ್ರೋಲ್ ಸಿಂಪಡಿಸುವ ಹಳೆಯ ಬಗೆಯ ಎಂಜಿನ್ನುಗಳಲ್ಲಿ ಒತ್ತಡವು ಸಾಮಾನ್ಯವಾಗಿ 3ರಿಂದ 4 ಬಾರ್ (1 ಬಾರ್ ಎಂದರೆ ಸುಮಾರು ಹೊರಗಿನ ಗಾಳಿಯ ಒತ್ತಡದಷ್ಟು) ಆಸುಪಾಸಿನಲ್ಲಿರುತ್ತದೆ, ಅದನ್ನು ಒಂದು ಯಾಂತ್ರಿಕ ರೆಗ್ಯುಲೇಟರ್ ಕಾಯುತ್ತದೆ. ಅಂಥ ಹಲವು ವ್ಯಾನುಗಳಲ್ಲಿ ಸೆನ್ಸರೇ ಇರುವುದಿಲ್ಲ. ಪಂಪಿನ ವೇಗವನ್ನು ಕಂಪ್ಯೂಟರೇ ಏರಿಸಿ ಇಳಿಸುವ ವ್ಯವಸ್ಥೆಯಿದ್ದರೆ ಸಾಮಾನ್ಯವಾಗಿ ಸೆನ್ಸರ್ ಇರುತ್ತದೆ. ಸಿಲಿಂಡರಿನೊಳಕ್ಕೇ ಪೆಟ್ರೋಲ್ ಚಿಮ್ಮಿಸುವ ನೇರ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಒತ್ತಡವು ಸುಮಾರು 50ರಿಂದ 200 ಬಾರ್, ಹೊಸ ಮಾದರಿಗಳಲ್ಲಿ 350 ಬಾರ್‌ವರೆಗೂ ಹೋಗುವುದರಿಂದ ಸೆನ್ಸರ್ ಇದ್ದೇ ಇರುತ್ತದೆ. ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿಯೂ ಅಷ್ಟೇ. ಅಲ್ಲಿ ಒತ್ತಡವು 1600 ಬಾರ್ ದಾಟುವುದು ಅಪರೂಪವೇನಲ್ಲ.

ನಿಮ್ಮ ವ್ಯಾನು ಈ ಮೂರರಲ್ಲಿ ಯಾವ ಗುಂಪಿಗೆ ಸೇರಿದ್ದು ಎಂಬುದನ್ನು ತಿಳಿಯದೆ ಒಂದು ಬೋಲ್ಟನ್ನೂ ಸಡಿಲಿಸಬೇಡಿ. ಮುಂದಿನ ಉತ್ತರಗಳೆಲ್ಲವೂ ಅದರ ಮೇಲೆಯೇ ನಿಂತಿವೆ.

ಸೆನ್ಸರ್ ಕೆಟ್ಟಿದ್ದರೆ ವ್ಯಾನು ಹೇಗೆ ವರ್ತಿಸುತ್ತದೆ?

ಚೆಕ್ ಎಂಜಿನ್ ದೀಪ ಹತ್ತಿಕೊಳ್ಳುವುದು, ಕೀಲಿ ತಿರುಗಿಸಿದ ಮೇಲೆ ಬಹಳ ಹೊತ್ತು ಕ್ರ್ಯಾಂಕ್ ಆದ (ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ತಿರುಗಿಸಿದ) ನಂತರವಷ್ಟೇ ಎಂಜಿನ್ ಹಿಡಿಯುವುದು, ನಿಂತಲ್ಲಿ ನಡುಗುವುದು, ಏರು ಹತ್ತುವಾಗ ಅಥವಾ ಎಲ್ಲ ಸೀಟುಗಳೂ ತುಂಬಿರುವಾಗ ಎಳೆತ ಸಾಲದಂತಾಗುವುದು, ಮೈಲೇಜ್ ಇಳಿಯುವುದು, ಕೆಲವೊಮ್ಮೆ ಓಡುತ್ತಿರುವಾಗಲೇ ಎಂಜಿನ್ ನಿಂತುಬಿಡುವುದು ಇವೆಲ್ಲವೂ ಕಾಣಿಸಿಕೊಳ್ಳಬಹುದು. ಕಂಪ್ಯೂಟರು ಸೆನ್ಸರಿನ ಮಾತನ್ನು ನಂಬುವುದನ್ನೇ ಬಿಟ್ಟು ಎಂಜಿನ್ನನ್ನು ಕಾಪಾಡಲು ಬಲ ತಗ್ಗಿಸುವ ಲಿಂಪ್ ಮೋಡಿಗೆ ಹೋದರೆ ಎಂಜಿನ್ ಒಂದು ಮಿತಿಗಿಂತ ಮೇಲೆ ಏರುವುದಿಲ್ಲ.

ಆದರೆ ಈ ಪಟ್ಟಿಯಲ್ಲಿ ಸೆನ್ಸರಿಗೇ ವಿಶೇಷವಾದ ಲಕ್ಷಣ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಸೋತ ಪಂಪು, ಕಟ್ಟಿಕೊಂಡ ಫಿಲ್ಟರ್, ಸೋರುವ ಇಂಜೆಕ್ಟರ್ ಇವುಗಳೂ ಇದೇ ತೊಂದರೆಗಳನ್ನು ಕೊಡುತ್ತವೆ.

ದೋಷದ ಕೋಡುಗಳನ್ನು ಓದುವ ಸ್ಕ್ಯಾನರಿನಲ್ಲಿ ರೈಲ್ ಪ್ರೆಶರ್ ಸೆನ್ಸರಿನ (ಅಂದರೆ ಇದೇ ಸೆನ್ಸರಿನ) ಕೋಡ್ ಬಂದಿದೆ. ಸೆನ್ಸರ್ ಬದಲಾಯಿಸಿದರೆ ಸಾಕಲ್ಲವೇ?

ಸಾಕಾಗದಿರುವ ಸಂಭವವೇ ಹೆಚ್ಚು. ಕೋಡಿನಲ್ಲಿ ಸೆನ್ಸರಿನ ಹೆಸರು ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಎಂದು ಅರ್ಥವಲ್ಲ. ಸೆನ್ಸರಿನಿಂದ ಬಂದ ಸುದ್ದಿ ಕಂಪ್ಯೂಟರಿಗೆ ಸರಿಕಾಣಲಿಲ್ಲ ಎಂದಷ್ಟೇ ಅರ್ಥ. ಸುದ್ದಿ ತಂದವನು ಸುಳ್ಳು ಹೇಳುತ್ತಿದ್ದಾನೆಯೇ, ದಾರಿಯಲ್ಲಿ ಸುದ್ದಿ ಕೆಟ್ಟಿತೇ, ಅಥವಾ ಸುದ್ದಿಯೇ ಕೆಟ್ಟದ್ದೇ ಎಂಬುದನ್ನು ಬೇರ್ಪಡಿಸುವುದು ರಿಪೇರಿ ಮಾಡುವವರ ಕೆಲಸ.

ಪಿ0190 ಎಂಬುದು ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷವಿದೆ ಎನ್ನುತ್ತದೆ. ಪಿ0191 ಬಂದರೆ ಸಂಕೇತ ಬರುತ್ತಿದೆ, ಆದರೆ ಅದು ಎಂಜಿನ್ನಿನ ಸ್ಥಿತಿಗೆ ಹೊಂದುತ್ತಿಲ್ಲ. ಪಿ0192 ಎಂದರೆ ಸಂಕೇತದ ವೋಲ್ಟೇಜ್ ಅಸಹಜವಾಗಿ ಕೆಳಗಿದೆ, ಪಿ0193 ಎಂದರೆ ಅಸಹಜವಾಗಿ ಮೇಲಿದೆ, ಪಿ0194 ಎಂದರೆ ಅದು ಬಿಟ್ಟು ಬಿಟ್ಟು ಬರುತ್ತಿದೆ. ಇವುಗಳಲ್ಲಿ 0192 ಮತ್ತು 0193 ಬಹುಮಟ್ಟಿಗೆ ವಿದ್ಯುತ್ ಮಾರ್ಗದ ದೂರುಗಳು, ಹಾಗಾಗಿ ಸೆನ್ಸರಿನಷ್ಟೇ ತಂತಿ ಮತ್ತು ಕನೆಕ್ಟರುಗಳ ಮೇಲೂ ಅನುಮಾನ ಇರಬೇಕು. ಪಿ0087 ಎಂಬ ಕೋಡ್ ಒಂಟಿಯಾಗಿ ಬಂದಿದ್ದರೆ ಕಥೆಯೇ ಬೇರೆ. ರೈಲಿನಲ್ಲಿ ಒತ್ತಡ ಸಾಲದು ಎಂದು ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು. ಆಗ ಫಿಲ್ಟರ್, ಟ್ಯಾಂಕಿನ ಪಂಪು, ನೇರ ಇಂಜೆಕ್ಷನ್ ಎಂಜಿನ್ನಾದರೆ ಹೆಚ್ಚಿನ ಒತ್ತಡದ ಪಂಪು ಮತ್ತು ಅದನ್ನು ನಡೆಸುವ ಕ್ಯಾಮಿನ ಸವೆತ ಇವುಗಳ ಕಡೆಗೆ ನೋಡಬೇಕು. ಪಿ0088 ಇದಕ್ಕೆ ವಿರುದ್ಧ, ಒತ್ತಡ ಮಿತಿ ಮೀರಿದೆ ಎಂಬ ದೂರು.

ಈ ಸಾಲುಗಳನ್ನು ಬರೆಯುತ್ತಿರುವವನೂ ಒಮ್ಮೆ ಪಿ0192 ನೋಡಿದ ಕೂಡಲೇ ಹೊಸ ಸೆನ್ಸರ್ ತಂದು, ಅರ್ಧ ದಿನ ಬೆನ್ನು ಬಗ್ಗಿಸಿ ಅದನ್ನು ಕೂರಿಸಿ, ಮರುದಿನ ಬೆಳಿಗ್ಗೆ ಅದೇ ದೀಪವನ್ನು ಮತ್ತೆ ನೋಡಿದವನೇ. ನಿಜವಾದ ದೋಷವಿದ್ದದ್ದು ಸೆನ್ಸರಿನಿಂದ ಒಂದು ಗೇಣು ದೂರದಲ್ಲಿ. ಒಂದು ಕಬ್ಬಿಣದ ಬ್ರ್ಯಾಕೆಟ್ಟಿಗೆ ಉಜ್ಜಿ ಉಜ್ಜಿ ತಂತಿಯ ಹೊದಿಕೆ ಸವೆದುಹೋಗಿತ್ತು. ಹಳೆಯ ಸೆನ್ಸರಿಗೆ ಏನೂ ಆಗಿರಲಿಲ್ಲ.

ಹಾಗಾದರೆ ಸೆನ್ಸರೇ ಕೆಟ್ಟಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಮೊದಲು ಕಣ್ಣಿನಿಂದ. ಕನೆಕ್ಟರನ್ನು ಕಳಚಿ ಅದರೊಳಗೆ ಹಸಿರು ತುಕ್ಕು, ನೀರು, ಎಣ್ಣೆ ಅಥವಾ ಬಾಗಿದ ಪಿನ್ ಇದೆಯೇ ನೋಡಿ. ತಂತಿಗಳ ಗುಚ್ಛವನ್ನು ಕೈ ಎಟಕುವವರೆಗೂ ಹಿಂಬಾಲಿಸಿ, ಎಲ್ಲಿಯಾದರೂ ಬಿಸಿಗೆ ಕರಗಿದೆಯೇ, ಇಲಿ ಕಡಿದಿದೆಯೇ ಎಂದು ಪರೀಕ್ಷಿಸಿ. ಕೆಲವು ಸೆನ್ಸರುಗಳಿಗೆ ಇನ್‌ಟೇಕಿನಿಂದ ಒಂದು ಸಣ್ಣ ವ್ಯಾಕ್ಯೂಮ್ ಕೊಳವೆ ಬರುತ್ತದೆ. ಅದನ್ನು ಕಳಚಿದಾಗ ಒಳಗೆ ಪೆಟ್ರೋಲ್ ಕಂಡರೆ ಸೆನ್ಸರಿನ ಪೊರೆ ಹರಿದಿದೆ ಎಂದೇ ಅರ್ಥ. ಬೇರೆ ಪರೀಕ್ಷೆಯ ಅಗತ್ಯವಿಲ್ಲ.

ಅನಂತರ ಮಲ್ಟಿಮೀಟರ್. ಕೀಲಿ ಆನ್ ಇದ್ದು ಎಂಜಿನ್ ಓಡದಿರುವಾಗ, ಕಳಚಿದ ಕನೆಕ್ಟರಿನ ತಂತಿಗಳ ಕಡೆಯಲ್ಲಿ ಒಂದು ಪಿನ್ನಿಗೆ 5 ವೋಲ್ಟ್ ಬರಬೇಕು, ಇನ್ನೊಂದು ಪಿನ್ ಒಳ್ಳೆಯ ಗ್ರೌಂಡ್ ಆಗಿರಬೇಕು. ಯಾವ ಪಿನ್ ಯಾವುದು ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ವೈರಿಂಗ್ ನಕ್ಷೆ ಎದುರಿಗಿರಲಿ. 5 ವೋಲ್ಟ್ ಬರದಿದ್ದರೆ ಸೆನ್ಸರನ್ನು ದೂಷಿಸಬೇಡಿ. ಒಂದೇ 5 ವೋಲ್ಟಿನ ಮೂಲವನ್ನು ಹಲವು ಸೆನ್ಸರುಗಳು ಹಂಚಿಕೊಂಡಿರುವುದು ಸಾಮಾನ್ಯ, ಅವುಗಳಲ್ಲಿ ಯಾವುದೋ ಒಂದು ಶಾರ್ಟ್ ಆದರೂ ಉಳಿದವುಗಳ ಉಸಿರು ಕಟ್ಟುತ್ತದೆ. ಅವನ್ನು ಒಂದೊಂದಾಗಿ ಕಳಚುತ್ತ ಹೋದಾಗ ಯಾವುದನ್ನು ಕಳಚಿದ ಕೂಡಲೇ 5 ವೋಲ್ಟ್ ಮರಳುತ್ತದೆಯೋ ಅದೇ ಅಪರಾಧಿ. ಚೂಪಲ್ಲದ ದಪ್ಪ ಪ್ರೋಬನ್ನು ಕನೆಕ್ಟರಿನ ತೂತಿಗೆ ತುರುಕಿದರೆ ಪಿನ್ ಅಗಲವಾಗಿ, ಇಲ್ಲದ ದೋಷವೊಂದನ್ನು ನೀವೇ ಹುಟ್ಟುಹಾಕಿದಂತಾಗುತ್ತದೆ ಎಂಬುದೂ ನೆನಪಿರಲಿ.

ಮೂರನೆಯದು ಸ್ಕ್ಯಾನರಿನ ಲೈವ್ ಡೇಟಾ, ಅಂದರೆ ಆ ಕ್ಷಣದ ಅಳತೆಗಳು. ಸೆನ್ಸರಿನ ಸಂಕೇತವು ಒತ್ತಡಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. ಉದಾಹರಣೆಗೆ 0.5 ವೋಲ್ಟಿಗೆ ಸೊನ್ನೆ, 4.5 ವೋಲ್ಟಿಗೆ 200 ಬಾರ್ ಎಂದು ಗುರುತಿಸಲಾದ ಸೆನ್ಸರಾದರೆ 1.5 ವೋಲ್ಟಿಗೆ 50 ಬಾರ್, 2.5 ವೋಲ್ಟಿಗೆ 100 ಬಾರ್ ತೋರಬೇಕು. ರೈಲಿನ ಒತ್ತಡವನ್ನು ಪೂರ್ತಿ ಇಳಿಸಿದ ಮೇಲೆ ಕೀಲಿ ಆನ್ ಮಾಡಿ ನೋಡಿದಾಗ ಸೆನ್ಸರ್ ತೋರುವ ಅಂಕೆ ಸೊನ್ನೆಯ ಹತ್ತಿರ ಇರಬೇಕು, ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿ ಅಳೆಯುವ ಬಗೆಯದಾದರೆ 1 ಬಾರ್ ಆಸುಪಾಸಿನಲ್ಲಿರಬೇಕು. ಬರಿದಾದ ರೈಲಿನಲ್ಲಿ 30 ಬಾರ್ ಇದೆ ಎಂದು ಹೇಳುವ ಸೆನ್ಸರ್ ಸುಳ್ಳು ಹೇಳುತ್ತಿದೆ. ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದರಷ್ಟು ನಂಬಲರ್ಹವಾದದ್ದು ಇನ್ನೊಂದಿಲ್ಲ.

ಕನೆಕ್ಟರನ್ನು ಕಳಚಿದಾಗ ಸ್ಕ್ಯಾನರಿನ ಅಂಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಿದರೆ ತಂತಿ ಮತ್ತು ಕಂಪ್ಯೂಟರು ಜೀವಂತವಾಗಿವೆ ಎಂದು ತಿಳಿಯಬಹುದು, ಅನುಮಾನ ಸೆನ್ಸರಿನ ಮೇಲೆ ಬಲವಾಗುತ್ತದೆ. ಹಾರದಿದ್ದರೆ ಅಷ್ಟರಿಂದಲೇ ಏನನ್ನೂ ತೀರ್ಮಾನಿಸಲಾಗದು, ಏಕೆಂದರೆ ತೆರೆದ ತಂತಿಯನ್ನು ಕೆಲವು ಕಂಪ್ಯೂಟರುಗಳು ಮೇಲಿನ ತುದಿಯೆಂದೂ ಕೆಲವು ಕೆಳಗಿನ ತುದಿಯೆಂದೂ ಓದುತ್ತವೆ.

ಸೆನ್ಸರನ್ನು ತೆಗೆದು ಸ್ವಚ್ಛಗೊಳಿಸಿ ಮತ್ತೆ ಹಾಕಬಹುದೇ?

ಬೇಡ. ಕನೆಕ್ಟರಿನ ಪಿನ್ನುಗಳನ್ನು ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರಿನಿಂದ ಶುಚಿಗೊಳಿಸುವುದು ಸರಿ, ಆದರೆ ಸೆನ್ಸರಿನ ಬಾಯಿಯೊಳಕ್ಕೆ ತಂತಿ ಚುಚ್ಚುವುದರಿಂದಲೋ ಒತ್ತಡದ ಗಾಳಿ ಬಿಡುವುದರಿಂದಲೋ ಪೊರೆಗೆ ಪೆಟ್ಟಾಗುತ್ತದೆ.

ಹೊಸ ಸೆನ್ಸರ್ ಬರುವವರೆಗೆ ವ್ಯಾನನ್ನು ಓಡಿಸಬಹುದೇ?

ಎಂಜಿನ್ ಸರಾಗವಾಗಿ ಓಡುತ್ತಿದ್ದು ದೀಪ ಮಾತ್ರ ಹತ್ತಿದ್ದರೆ ಹತ್ತಿರದ ಅಗತ್ಯದ ಓಡಾಟ ಸಾಧ್ಯ. ಓಡುತ್ತಿರುವಾಗ ಎಂಜಿನ್ ನಿಲ್ಲುವ ಅಭ್ಯಾಸ ಒಮ್ಮೆಯಾದರೂ ಕಂಡಿದ್ದರೆ ವೇಗದ ರಸ್ತೆಗೆ ಇಳಿಯಬೇಡಿ. ಹಿಂದಿನ ಸೀಟುಗಳಲ್ಲಿ ಮಕ್ಕಳಿರುವ ಭಾರದ ವಾಹನವು ಪವರ್ ಸ್ಟೀರಿಂಗ್ ಕಳೆದುಕೊಂಡು ನಡುರಸ್ತೆಯಲ್ಲಿ ನಿಲ್ಲುವುದು ಸಣ್ಣ ವಿಷಯವಲ್ಲ. ಇಂಧನದ ವಾಸನೆ ಬರುತ್ತಿದ್ದರೆ ಸ್ಟಾರ್ಟ್ ಮಾಡುವುದೇ ಬೇಡ.

ಈ ಕೆಲಸ ಮನೆಯಲ್ಲಿ ಮಾಡುವಷ್ಟು ಸುರಕ್ಷಿತವೇ?

ಪೆಟ್ರೋಲ್ ಎಂಜಿನ್ನಿನ ವ್ಯಾನಾದರೆ, ತಾಳ್ಮೆಯಿದ್ದರೆ ಮತ್ತು ಒತ್ತಡ ಇಳಿಸುವ ಹಂತವನ್ನು ಹಾರಿಸದಿದ್ದರೆ, ಹೌದು. ಬೋಲ್ಟ್ ಬಿಚ್ಚಿ ಹಾಕುವುದರಲ್ಲಿ ಕಷ್ಟವೇನಿಲ್ಲ; ಅಪಾಯವಿರುವುದು ರೈಲಿನಲ್ಲಿ ಅಡಗಿ ಕುಳಿತ ಒತ್ತಡದಲ್ಲಿ ಮತ್ತು ಹೊರಬಂದ ಪೆಟ್ರೋಲಿನ ಆವಿಯಲ್ಲಿ.

ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಉಷ್ಣಾಂಶದಲ್ಲಿಯೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಮೇಲೇರಿ ಚದುರುವುದಿಲ್ಲ, ನೆಲದುದ್ದಕ್ಕೂ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಗ್ಯಾರೇಜಿನ ಮೂಲೆಯಲ್ಲಿರುವ ಗ್ಯಾಸ್ ಗೀಸರಿನ ಸಣ್ಣ ಜ್ವಾಲೆಯನ್ನು ಅದು ಹುಡುಕಿಕೊಂಡು ಹೋಗಬಲ್ಲದು. ಆದ್ದರಿಂದ ಕೆಲಸ ಬಯಲಿನಲ್ಲಿ ನಡೆಯಲಿ. ಗಾಜಿನ ಬುರುಡೆಯ ದೀಪ ಬೇಡ, ಬಿಸಿ ಬುರುಡೆಯ ಮೇಲೆ ಬಿದ್ದ ಒಂದು ಹನಿ ಸಾಕು ಅದು ಒಡೆಯಲು; ಎಲ್‌ಇಡಿ ದೀಪ ಬಳಸಿ. ಪುಡಿ ಅಥವಾ ನೊರೆಯ ಅಗ್ನಿಶಾಮಕವು ಕೈಗೆಟಕುವಷ್ಟು ಹತ್ತಿರವಿರಲಿ. ಪೆಟ್ರೋಲಿನ ಬೆಂಕಿಗೆ ನೀರು ಸುರಿದರೆ ಅದು ಹರಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಕೈಗವಸು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಏಕೆಂದರೆ ಪಕ್ಕದಲ್ಲಿಯೇ ಎಕ್ಸಾಸ್ಟ್ ಇರುತ್ತದೆ.

ರೈಲಿನ ಒತ್ತಡವನ್ನು ಇಳಿಸುವುದು ಹೇಗೆ?

ಫ್ಯೂಸ್ ಪೆಟ್ಟಿಗೆಯಲ್ಲಿ ಇಂಧನ ಪಂಪಿನ ಫ್ಯೂಸ್ ಅಥವಾ ರಿಲೇಯನ್ನು ಗುರುತಿಸಿ ತೆಗೆಯಿರಿ. ಅನಂತರ ಎಂಜಿನ್ ಸ್ಟಾರ್ಟ್ ಮಾಡಿ. ರೈಲಿನಲ್ಲಿ ಉಳಿದದ್ದನ್ನು ಕುಡಿದು ಅದು ತಾನಾಗಿಯೇ ನಿಲ್ಲುತ್ತದೆ. ನಿಂತ ಮೇಲೆ ಇನ್ನೂ ಒಂದೆರಡು ಸಲ ಐದೈದು ಸೆಕೆಂಡು ಕ್ರ್ಯಾಂಕ್ ಮಾಡಿ, ಕೀಲಿ ತೆಗೆದು, ಇಂಧನ ತುಂಬುವ ಮುಚ್ಚಳವನ್ನು ಒಮ್ಮೆ ಸಡಿಲಿಸಿ ಟ್ಯಾಂಕಿನ ಆವಿಯ ಒತ್ತಡವನ್ನೂ ಬಿಡಿ. ಕೊನೆಗೆ ಬ್ಯಾಟರಿಯ ಋಣ ತುದಿಯನ್ನು ಕಳಚಿ, ಅದು ಮತ್ತೆ ತಾಗದಂತೆ ಬಟ್ಟೆ ಸುತ್ತಿಡಿ.

ಕಡಿಮೆ ಒತ್ತಡದ ವ್ಯವಸ್ಥೆಯಲ್ಲಿ ಇಷ್ಟು ಸಾಕು. ರೈಲಿನ ಮೇಲೆ ಟೈರ್ ವಾಲ್ವಿನಂತಹ ಪರೀಕ್ಷಾ ವಾಲ್ವ್ ಇದ್ದರೆ ಬಟ್ಟೆ ಮುಚ್ಚಿ ಅದನ್ನು ಮೆಲ್ಲನೆ ಒತ್ತಿ ನೋಡಿ. ನೇರ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಮಾತ್ರ ಇದನ್ನೇ ನಂಬಿ ಪಾನಾ ಹಚ್ಚಬೇಡಿ. ಅಲ್ಲಿ ಹೆಚ್ಚಿನ ಒತ್ತಡದ ಪಂಪಿನ ಆಚೆಗಿನ ಇಂಧನವು ಸಿಕ್ಕಿಹಾಕಿಕೊಂಡಿರುತ್ತದೆ, ಬಿಸಿ ಎಂಜಿನ್ ನಿಂತ ಮೇಲೆ ಆ ಬಿಸಿಗೆ ಹಿಗ್ಗಿ ಒತ್ತಡ ಇನ್ನೂ ಏರಲೂಬಹುದು. ಅದೇ ಸಂದೇಹದ ಸೆನ್ಸರ್ ಹೇಳುವ ಅಂಕೆಯನ್ನು ನಂಬಿ ಒತ್ತಡ ಇಳಿದಿದೆ ಎಂದುಕೊಳ್ಳುವುದೂ ಸರಿಯಲ್ಲ, ಅದರ ಮಾತಿನ ಮೇಲೆ ನಂಬಿಕೆ ಇಲ್ಲದ್ದರಿಂದಲೇ ತಾನೆ ಈ ಕೆಲಸಕ್ಕೆ ಇಳಿದಿರುವುದು. ತಯಾರಕರ ರಿಪೇರಿ ಕೈಪಿಡಿಯಲ್ಲಿ ಹೇಳಿದ ಕ್ರಮವನ್ನೇ ಅನುಸರಿಸಿ, ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ಮೊದಲ ಸಡಿಲಿಕೆಯ ಹೊತ್ತಿನಲ್ಲಿ ಸೆನ್ಸರಿನ ಸುತ್ತ ದಪ್ಪ ಬಟ್ಟೆ ಸುತ್ತಿ, ಮುಖವನ್ನು ದೂರವಿಟ್ಟು ಕಾಲು ಸುತ್ತಿನಷ್ಟು ಮಾತ್ರ ತಿರುಗಿಸಿ ಕಾಯಿರಿ.

ನನ್ನದು ಡೀಸೆಲ್ ವ್ಯಾನು. ಇದೇ ಕ್ರಮ ಸರಿಯೇ?

ಇಲ್ಲ. ಸಾವಿರಾರು ಬಾರ್‌ಗಳ ಲೆಕ್ಕದಲ್ಲಿ ಓಡುವ ರೈಲಿನಿಂದ ಕಣ್ಣಿಗೂ ಕಾಣದಷ್ಟು ಸಣ್ಣ ಧಾರೆ ಹೊರಟರೂ ಅದು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು ಕಂಡರೂ ಒಳಗಿನ ಮಾಂಸ ಕೊಳೆತು ಬೆರಳನ್ನೇ ಕಳೆದುಕೊಳ್ಳುವ ಸಂದರ್ಭ ಬರಬಹುದು, ಆದ್ದರಿಂದ ಅಂಥ ಗಾಯಕ್ಕೆ ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದಲ್ಲದೆ ಡೀಸೆಲ್ ಇಂಜೆಕ್ಟರುಗಳು ಧೂಳಿನ ಒಂದು ಕಣವನ್ನೂ ಸಹಿಸುವುದಿಲ್ಲ, ಕೆಲವು ತಯಾರಕರು ಸೆನ್ಸರನ್ನು ರೈಲಿನಿಂದ ಬಿಡಿಯಾಗಿ ಬದಲಾಯಿಸಲು ಒಪ್ಪುವುದೂ ಇಲ್ಲ. ತಂತಿ ಮತ್ತು ಕನೆಕ್ಟರಿನ ಪರೀಕ್ಷೆಯವರೆಗೆ ನೀವೇ ಮಾಡಿ, ಅಲ್ಲಿಂದ ಮುಂದಕ್ಕೆ ಅನುಭವಿಗಳಿಗೆ ಒಪ್ಪಿಸಿ ಎಂಬುದು ನನ್ನ ಸಲಹೆ. ಇಲ್ಲಿಂದ ಮುಂದೆ ಹೇಳಿರುವುದೆಲ್ಲ ಪೆಟ್ರೋಲ್ ಎಂಜಿನ್ನುಗಳ ಬಗ್ಗೆ.

ಯಾವ ಸಲಕರಣೆಗಳು ಬೇಕು?

ಸಾಕೆಟ್ ಸೆಟ್, ಸೆನ್ಸರಿನ ಗಾತ್ರಕ್ಕೆ ಹೊಂದುವ ಉದ್ದನೆಯ ಡೀಪ್ ಸಾಕೆಟ್, ಬಾಗುವ ಜಾಯಿಂಟ್ ಮತ್ತು ಎಕ್ಸ್‌ಟೆನ್ಷನ್, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್, ಮಲ್ಟಿಮೀಟರ್, ಲೈವ್ ಡೇಟಾ ತೋರಿಸುವ ಸ್ಕ್ಯಾನರ್, ಪ್ಲಾಸ್ಟಿಕ್ ಕ್ಲಿಪ್ ಕೀಳುವ ಸಾಧನ, ಒಂದು ಸಣ್ಣ ಕನ್ನಡಿ ಮತ್ತು ಆಯಸ್ಕಾಂತದ ಕಡ್ಡಿ. ಕೊನೆಯದನ್ನು ಮರೆಯಬೇಡಿ, ಏಕೆಂದರೆ ಎಂಜಿನ್ನಿನ ಹಿಂದೆ ಬಿದ್ದ ಬೋಲ್ಟ್ ನೆಲಕ್ಕೆ ಬರುವುದೇ ಇಲ್ಲ.

ಯಾವ ಸೆನ್ಸರ್ ತರಬೇಕು? ಅಗ್ಗದ್ದು ಆಗುವುದಿಲ್ಲವೇ?

ವಾಹನದ ಚಾಸಿ ಸಂಖ್ಯೆಯನ್ನು ಕೊಟ್ಟು ಭಾಗದ ಸಂಖ್ಯೆಯನ್ನು ಪಡೆಯಿರಿ. ಹಳೆಯ ಸೆನ್ಸರಿನ ಮೈಮೇಲೆ ಮುದ್ರಿಸಿದ ಸಂಖ್ಯೆಗೆ ಅದನ್ನು ಹೋಲಿಸಿ. ನೋಡಲು ತದ್ವತ್ ಒಂದೇ ಆಗಿರುವ ಎರಡು ಸೆನ್ಸರುಗಳ ಅಳತೆಯ ವ್ಯಾಪ್ತಿ ಬೇರೆ ಬೇರೆ ಇರಬಹುದು. 200 ಬಾರ್‌ನ ಜಾಗದಲ್ಲಿ 260 ಬಾರ್‌ನ ಸೆನ್ಸರ್ ಕೂರಿಸಿದರೆ ಕನೆಕ್ಟರ್ ಸಿಕ್ಕಿಕೊಳ್ಳುತ್ತದೆ, ಎಂಜಿನ್ ಓಡುತ್ತದೆ, ಆದರೆ ಕಂಪ್ಯೂಟರಿಗೆ ತಲುಪುವ ಪ್ರತಿಯೊಂದು ಅಂಕೆಯೂ ತಪ್ಪಾಗಿರುತ್ತದೆ. ವಾಹನ ತಯಾರಕರ ಭಾಗವನ್ನೋ ಅವರಿಗೆ ಸೆನ್ಸರ್ ಒದಗಿಸುವ ಕಂಪನಿಯ ಭಾಗವನ್ನೋ ತರುವುದು ಮೇಲು. ವೈಪರ್ ರಬ್ಬರಿನಲ್ಲಿ ಉಳಿತಾಯ ಮಾಡಬಹುದು, ನೂರಾರು ಬಾರ್ ಇಂಧನವನ್ನು ತಡೆದು ಹಿಡಿಯುವ ಭಾಗದಲ್ಲಿ ಮಾಡಬಾರದು. ಓ-ರಿಂಗ್, ಸೀಲ್ ಅಥವಾ ವಾಷರ್ ಪ್ರತ್ಯೇಕವಾಗಿ ಬರುವ ಮಾದರಿಯಾದರೆ ಅವನ್ನೂ ಹೊಸದಾಗಿ ತನ್ನಿ.

ಮಿನಿವ್ಯಾನಿನಲ್ಲಿ ಸೆನ್ಸರಿಗೆ ಕೈ ಎಟಕುವುದೇ ಕಷ್ಟವಂತೆ, ನಿಜವೇ?

ಬಹಳ ಮಟ್ಟಿಗೆ ನಿಜ. ಒಳಗೆ ಜಾಗ ಹೆಚ್ಚಿಸಲೆಂದು ಮಿನಿವ್ಯಾನುಗಳ ಮೂತಿಯನ್ನು ಗಿಡ್ಡಗೊಳಿಸಿ, ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಅದರ ಹಿಂಭಾಗವನ್ನು ಮುಂಗಾಜಿನ ಕೆಳಗೆ ತೂರಿಸಿರುತ್ತಾರೆ. ವಿ6 ಎಂಜಿನ್ನಾದರೆ ಹಿಂದಿನ ಮೂರು ಸಿಲಿಂಡರುಗಳು ಕತ್ತಲೆಯಲ್ಲಿಯೇ ಇರುತ್ತವೆ. ಸೆನ್ಸರ್ ಮುಂದಿನ ರೈಲಿನಲ್ಲಿದ್ದರೆ ನಿಮ್ಮ ಅದೃಷ್ಟ. ಅಲಂಕಾರದ ಪ್ಲಾಸ್ಟಿಕ್ ಮುಚ್ಚಳ ಮತ್ತು ಗಾಳಿಯ ಕೊಳವೆ ತೆಗೆದರೆ ಸಾಕಾಗಬಹುದು.

ಹಿಂದಿದ್ದರೆ ಗಾಜಿನ ಬುಡದ ಕೌಲ್ ಪ್ಯಾನಲನ್ನು ಬಿಚ್ಚಬೇಕಾಗುತ್ತದೆ, ಅದಕ್ಕೆ ಮೊದಲು ವೈಪರ್ ತೋಳುಗಳನ್ನು ತೆಗೆಯಬೇಕಾಗುತ್ತದೆ. ತೋಳುಗಳು ನಿಂತಿದ್ದ ಜಾಗವನ್ನು ಗಾಜಿನ ಮೇಲೆ ಟೇಪಿನಿಂದ ಗುರುತು ಮಾಡಿಕೊಂಡರೆ ಮರಳಿ ಜೋಡಿಸುವಾಗ ತಲೆನೋವು ತಪ್ಪುತ್ತದೆ. ಬಿಸಿಲಿಗೆ ಒಣಗಿದ ಕೌಲ್ ಕ್ಲಿಪ್ಪುಗಳಲ್ಲಿ ಒಂದೆರಡು ಮುರಿದೇ ಮುರಿಯುತ್ತವೆ, ಬೇಸರಪಡಬೇಡಿ, ಹೊಸದನ್ನು ಹಾಕಿ. ಕೆಲವು ಎಂಜಿನ್ನುಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳ ಗುಂಪಿನ) ಮೇಲಿನ ಭಾಗವನ್ನೂ ಎತ್ತಬೇಕು. ಹಾಗೆ ಎತ್ತಿದ ಕ್ಷಣವೇ ತೆರೆದುಕೊಂಡ ಗಾಳಿಯ ಬಾಯಿಗಳನ್ನು ಶುಭ್ರವಾದ, ದಾರ ಬಿಡದ, ಗಾಢ ಬಣ್ಣದ ಬಟ್ಟೆಗಳಿಂದ ಮುಚ್ಚಿ ಎಷ್ಟು ತುಂಡುಗಳನ್ನು ಇಟ್ಟಿರಿ ಎಂದು ಬರೆದಿಟ್ಟುಕೊಳ್ಳಿ. ಒಳಗೆ ಬಿದ್ದ ಒಂದು ವಾಷರ್ ಇಡೀ ಎಂಜಿನ್ನನ್ನು ಹಾಳುಮಾಡಬಲ್ಲದು. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಹೊಸದಿರಲಿ. ಪ್ರತಿ ಹಂತದಲ್ಲಿಯೂ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳುವುದು ಎಷ್ಟೋ ಸಲ ಕೈಪಿಡಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸೆನ್ಸರನ್ನು ತೆಗೆದು ಹೊಸದನ್ನು ಕೂರಿಸುವ ಕ್ರಮ ಯಾವುದು?

ಸೆನ್ಸರಿನ ಸುತ್ತಲಿನ ಮಣ್ಣು, ಎಣ್ಣೆಯನ್ನು ಬ್ರಷ್ ಮತ್ತು ಬಟ್ಟೆಯಿಂದ ಮೊದಲೇ ಒರೆಸಿ ತೆಗೆಯಿರಿ, ತೂತು ತೆರೆದ ಮೇಲೆ ಕೊಳೆ ಒಳಗೆ ಬಿದ್ದರೆ ಅದು ನೇರವಾಗಿ ಇಂಜೆಕ್ಟರಿಗೆ ಹೋಗುತ್ತದೆ. ಕನೆಕ್ಟರಿನ ಲಾಕನ್ನು ಬಿಡಿಸಿ, ತಂತಿಯನ್ನು ಹಿಡಿದೆಳೆಯದೆ ಪ್ಲಾಸ್ಟಿಕ್ ಮೈಯನ್ನೇ ಹಿಡಿದು ಕಳಚಿ. ಹಲವು ಕನೆಕ್ಟರುಗಳಿಗೆ ಕೆಂಪು ಅಥವಾ ಬೂದು ಬಣ್ಣದ ಎರಡನೆಯ ಲಾಕ್ ಇರುತ್ತದೆ, ಅದನ್ನು ಹಿಂದಕ್ಕೆ ಸರಿಸದೆ ಮೊದಲನೆಯದನ್ನು ಒತ್ತಿದರೆ ಮುರಿಯುತ್ತದೆ. ಕೆಳಗೆ ಬಟ್ಟೆ ಹಾಸಿ, ಮೆಲ್ಲನೆ ಸಡಿಲಿಸಿ, ಇಣುಕಿದ ಇಂಧನವನ್ನು ಬಟ್ಟೆ ಹೀರಲು ಬಿಟ್ಟು, ಆಮೇಲೆ ಪೂರ್ತಿ ಬಿಚ್ಚಿ. ಒದ್ದೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಬಯಲಿನಲ್ಲಿ ಹರಡಿ ಒಣಗಿಸಿ.

ಎರಡು ಸಣ್ಣ ಬೋಲ್ಟುಗಳಿಂದ ಕೂರುವ ಮಾದರಿಯಾದರೆ ಹಳೆಯ ಓ-ರಿಂಗ್ ತೂತಿನಲ್ಲಿಯೇ ಅಂಟಿ ಉಳಿದಿಲ್ಲ ಎಂಬುದನ್ನು ಕನ್ನಡಿಯಲ್ಲಿ ನೋಡಿ. ಹಳೆಯದರ ಮೇಲೆ ಹೊಸದು ಕೂತರೆ ಸೋರಿಕೆ ಖಂಡಿತ. ಹೊಸ ಓ-ರಿಂಗಿಗೆ ಒಂದು ಹನಿ ಶುಭ್ರವಾದ ಎಂಜಿನ್ ಆಯಿಲ್ ಸವರಿ, ಓರೆಯಾಗದಂತೆ ನೇರವಾಗಿ ಒತ್ತಿ ಕೂರಿಸಿ. ಥ್ರೆಡ್ಡಿನಿಂದ ತಿರುಗಿಸಿ ಕೂರಿಸುವ ಮಾದರಿಯಲ್ಲಿ ಸಾಮಾನ್ಯವಾಗಿ ರಬ್ಬರ್ ಇರುವುದಿಲ್ಲ, ಲೋಹದ ಅಂಚು ಲೋಹಕ್ಕೇ ಒತ್ತಿ ಸೀಲ್ ಆಗುತ್ತದೆ. ಆ ಅಂಚಿಗೆ ಗೀರು ಬೀಳದಂತೆ, ನೆಲಕ್ಕೆ ಬೀಳಿಸದಂತೆ ನೋಡಿಕೊಳ್ಳಿ. ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಬೆರಳಿಗೆ ತಿರುಗದಿದ್ದರೆ ಥ್ರೆಡ್ ಅಡ್ಡ ಹತ್ತಿದೆ ಎಂದರ್ಥ, ಹಿಂದಕ್ಕೆ ತೆಗೆದು ಮತ್ತೆ ಹಚ್ಚಿ.

ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಅಥವಾ ಸೀಲೆಂಟ್ ಹಚ್ಚಬೇಕೇ?

ಕೂಡದು. ಅದು ನಲ್ಲಿಯ ಕೆಲಸಕ್ಕೆ ಸರಿ. ಇಲ್ಲಿ ಥ್ರೆಡ್ ಸೀಲ್ ಮಾಡುವುದೇ ಇಲ್ಲ, ಟೇಪಿನ ಚೂರು ಹರಿದು ಇಂಜೆಕ್ಟರನ್ನು ಕಟ್ಟುವುದಷ್ಟೇ ಅದರಿಂದ ಆಗುವ ಕೆಲಸ.

ಎಷ್ಟು ಬಿಗಿ ಮಾಡಬೇಕು?

ಸಣ್ಣ ಬೋಲ್ಟುಗಳಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕಾಗುವುದೇ ಹೆಚ್ಚು. ಥ್ರೆಡ್ಡಿನ ಸೆನ್ಸರುಗಳಿಗೆ ಅದರ ಹಲವು ಪಟ್ಟು ಬೇಕಾಗುತ್ತದೆ, ಮತ್ತು ಮಾದರಿಯಿಂದ ಮಾದರಿಗೆ ಆ ಸಂಖ್ಯೆ ಬಹಳ ಬದಲಾಗುತ್ತದೆ. ನಿಮ್ಮ ವ್ಯಾನಿನ ಕೈಪಿಡಿಯ ಸಂಖ್ಯೆಯೇ ಇಲ್ಲಿ ಕೊನೆಯ ಮಾತು. ಕೈ ಅಂದಾಜು ಎಂಬುದನ್ನು ನಾನು ಬೇರೆ ಕಡೆ ಒಪ್ಪುತ್ತೇನೆ, ಇಲ್ಲಿ ಒಪ್ಪುವುದಿಲ್ಲ. ಸೋರುತ್ತಿದೆ ಎಂದು ಇನ್ನೂ ಬಿಗಿ ಮಾಡುತ್ತ ಹೋಗುವುದರಿಂದ ಲೋಹದ ಅಂಚು ಕೆಡುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ.

ಜೋಡಿಸಿದ ಮೇಲೆ ನೇರವಾಗಿ ಸ್ಟಾರ್ಟ್ ಮಾಡಬಹುದೇ?

ಬೇಡ. ಪಂಪಿನ ಫ್ಯೂಸನ್ನು ಮರಳಿ ಹಾಕಿ, ಬ್ಯಾಟರಿ ಜೋಡಿಸಿ, ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್ ಸ್ಥಾನಕ್ಕೆ ಮಾತ್ರ ತನ್ನಿ. ಪಂಪು ಒಂದೆರಡು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುತ್ತದೆ. ಆಫ್ ಮಾಡಿ ಮತ್ತೆ ಆನ್ ಮಾಡಿ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ರೈಲು ತುಂಬಿಕೊಳ್ಳುತ್ತದೆ, ಗಾಳಿ ಹೊರಹೋಗುತ್ತದೆ. ಈಗ ಸೆನ್ಸರಿನ ಸುತ್ತ ಒಣ ಬಿಳಿ ಕಾಗದ ತಾಗಿಸಿ ನೋಡಿ, ತೇವವಿದ್ದರೆ ಅಲ್ಲಿಗೇ ನಿಲ್ಲಿಸಿ. ಒಣಗಿದ್ದರೆ ಸ್ಟಾರ್ಟ್ ಮಾಡಿ. ಎಂಜಿನ್ ಓಡುವಾಗ ನೇರ ಇಂಜೆಕ್ಷನ್ನಿನ ರೈಲಿನ ಹತ್ತಿರ ಕೈ ಒಯ್ಯಬೇಡಿ, ಸೋರಿಕೆಯ ಅನುಮಾನವಿದ್ದರೆ ದೂರದಿಂದ ರಟ್ಟಿನ ತುಂಡೊಂದನ್ನು ಹಿಡಿದು ನೋಡಿ. ಹದಿನೈದು ನಿಮಿಷ ಓಡಿಸಿ, ಎಂಜಿನ್ ಆರಿಸಿ, ಮತ್ತೊಮ್ಮೆ ಬಾನೆಟ್ ತೆರೆದು ವಾಸನೆ ಹಿಡಿಯಿರಿ. ತಣ್ಣಗಿರುವಾಗ ಹಿಡಿದ ಸೀಲ್ ಬಿಸಿಯಾದಾಗ ಬಿಡುವುದುಂಟು.

ಚೆಕ್ ಎಂಜಿನ್ ದೀಪ ತಾನಾಗಿಯೇ ಆರುತ್ತದೆಯೇ?

ದೋಷ ಮರುಕಳಿಸದಿದ್ದರೆ ಸಾಮಾನ್ಯವಾಗಿ ಮೂರು ಸರಿಯಾದ ಓಡಾಟದ ಚಕ್ರಗಳ ನಂತರ ಆರುತ್ತದೆ. ಸ್ಕ್ಯಾನರಿನಿಂದ ಅಳಿಸುವುದಾದರೆ, ದೋಷ ಕಂಡ ಹೊತ್ತಿನ ಎಂಜಿನ್ ಸ್ಥಿತಿಯನ್ನು ಹಿಡಿದಿಟ್ಟ ಫ್ರೀಜ್ ಫ್ರೇಮ್ ಮಾಹಿತಿಯನ್ನು ಮೊದಲು ಬರೆದುಕೊಳ್ಳಿ, ಅಳಿಸಿದ ಮೇಲೆ ಅದು ಸಿಗುವುದಿಲ್ಲ. ಅಳಿಸಿದಾಗ ವಾಹನದ ಸ್ವಯಂ ಪರೀಕ್ಷೆಗಳೆಲ್ಲ ಮೊದಲಿನಿಂದ ಆರಂಭವಾಗುವುದರಿಂದ ಹೊಗೆ ತಪಾಸಣೆಯ ಹಿಂದಿನ ದಿನ ಈ ಕೆಲಸ ಮಾಡಬೇಡಿ.

ಬ್ಯಾಟರಿ ಜೋಡಿಸಿದ ಮೇಲೆ ಜಾರುವ ಬಾಗಿಲು ಸ್ವಿಚ್ಚಿಗೆ ಸ್ಪಂದಿಸುತ್ತಿಲ್ಲ. ಏನನ್ನಾದರೂ ಕೆಡಿಸಿದೆನೇ?

ಬಹುಶಃ ಇಲ್ಲ. ವಿದ್ಯುತ್ತಿನಿಂದ ಜಾರುವ ಬಾಗಿಲು, ಹಿಂಬಾಗಿಲು, ಒಂದೇ ಒತ್ತಿಗೆ ಇಳಿಯುವ ಕಿಟಕಿ ಇವುಗಳಿಗೆ ಬ್ಯಾಟರಿ ಕಳಚಿದಾಗ ತಮ್ಮ ಕೊನೆಯ ಸ್ಥಾನಗಳ ನೆನಪು ಹೋಗುವುದುಂಟು. ಕೈಯಿಂದ ಪೂರ್ತಿ ತೆರೆದು ಪೂರ್ತಿ ಮುಚ್ಚಿದರೆ ಹಲವು ವ್ಯಾನುಗಳಲ್ಲಿ ಅದು ಸರಿಹೋಗುತ್ತದೆ, ಇಲ್ಲವಾದರೆ ಮಾಲೀಕರ ಕೈಪಿಡಿಯಲ್ಲಿ ಕ್ರಮವಿರುತ್ತದೆ. ಮೊದಲ ಕೆಲವು ನಿಮಿಷ ಎಂಜಿನ್ನಿನ ಐಡಲ್ ಏರುಪೇರಾಗುವುದೂ ಇದೇ ಜಾತಿಯದು.

ಎಷ್ಟು ಹೊತ್ತು ಬೇಕಾಗುತ್ತದೆ?

ಮುಂದೆಯೇ ಕಾಣುವ ಸೆನ್ಸರಿಗೆ ಒಂದು ಗಂಟೆ, ಮ್ಯಾನಿಫೋಲ್ಡ್ ಎತ್ತಬೇಕಾದರೆ ಮೊದಲ ಸಲ ಮಾಡುವವರಿಗೆ ಒಂದು ಇಡೀ ದಿನ. ಸಂಜೆ ಶುರು ಮಾಡಬೇಡಿ.

ಹೊಸ ಸೆನ್ಸರ್ ಹಾಕಿದ ಮೇಲೂ ಅದೇ ಕೋಡ್ ಬಂದರೆ?

ಮತ್ತೊಂದು ಸೆನ್ಸರ್ ತರುವ ಮುನ್ನ ಕನೆಕ್ಟರ್ ಕ್ಲಿಕ್ ಎಂದು ಕೂತಿದೆಯೇ, ಪಿನ್ ಯಾವುದಾದರೂ ಹಿಂದಕ್ಕೆ ಸರಿದಿದೆಯೇ ನೋಡಿ. ಎಂಜಿನ್ ಓಡುತ್ತಿರುವಾಗ ತಂತಿಗಳ ಗುಚ್ಛವನ್ನು ಫ್ಯಾನ್ ಮತ್ತು ಬೆಲ್ಟುಗಳಿಂದ ದೂರದ ಭಾಗದಲ್ಲಿ ಒಂದು ಮರದ ಕಡ್ಡಿಯಿಂದ ಮೆಲ್ಲನೆ ಅಲುಗಿಸುತ್ತ ಲೈವ್ ಡೇಟಾ ನೋಡಿ. ಅಂಕೆ ಎಗರಿದರೆ ದೋಷ ತಂತಿಯಲ್ಲಿದೆ. ಅಂಕೆ ಸ್ಥಿರವಾಗಿದ್ದು, ಕಂಪ್ಯೂಟರು ಬಯಸುವ ಒತ್ತಡಕ್ಕಿಂತ ನಿಜವಾದ ಒತ್ತಡ ಸದಾ ಕೆಳಗಿದ್ದರೆ, ವಿಶೇಷವಾಗಿ ಏರಿನಲ್ಲಿ ಅಂತರ ಹೆಚ್ಚುತ್ತ ಹೋದರೆ, ಹಳೆಯ ಸೆನ್ಸರ್ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು. ಈಗ ಪಂಪು ಮತ್ತು ಫಿಲ್ಟರಿನ ಸರದಿ.

ಕಡಿಮೆ ಒತ್ತಡದ ವ್ಯವಸ್ಥೆಯಲ್ಲಿ ಪರೀಕ್ಷಾ ವಾಲ್ವಿಗೆ ಯಾಂತ್ರಿಕ ಗೇಜ್ ಸಿಕ್ಕಿಸಿ ಇದನ್ನು ನೀವೇ ದೃಢಪಡಿಸಿಕೊಳ್ಳಬಹುದು. ನೇರ ಇಂಜೆಕ್ಷನ್ನಿನ ರೈಲಿಗೆ ಆ ಸಾಧಾರಣ ಗೇಜನ್ನು ಎಂದಿಗೂ ಜೋಡಿಸಬೇಡಿ, ಅದು ಸಿಡಿಯುತ್ತದೆ.

ಹಳೆಯ ಸೆನ್ಸರನ್ನು ಎಸೆಯಲೇ?

ಕೆಲವು ವಾರ ಇಟ್ಟುಕೊಳ್ಳಿ. ಹೊಸದು ಪೆಟ್ಟಿಗೆಯಿಂದಲೇ ಕೆಟ್ಟದ್ದು ಬಂದಿರುವ ಸಾಧ್ಯತೆ ಇದ್ದೇ ಇದೆ, ಭಾಗದ ಸಂಖ್ಯೆಯ ಬಗ್ಗೆ ತಕರಾರು ಬಂದಾಗಲೂ ಹಳೆಯದನ್ನು ಎದುರಿಗಿಟ್ಟು ಮಾತಾಡಬಹುದು. ಒಳಗಿನ ಪೆಟ್ರೋಲ್ ಆರಿಹೋಗುವವರೆಗೆ ಮನೆಯ ಹೊರಗಿಟ್ಟು, ಅನಂತರ ದಿನಾಂಕ ಮತ್ತು ಮೀಟರಿನ ಕಿಲೋಮೀಟರ್ ಬರೆದ ಚೀಟಿಯೊಂದಿಗೆ ಡಬ್ಬಿಗೆ ಹಾಕಿ. ಅದನ್ನು ತುರ್ತಿಗೆಂದು ಮರಳಿ ರೈಲಿಗೆ ಕೂರಿಸುವ ಯೋಚನೆ ಮಾತ್ರ ಬೇಡ. ಒಮ್ಮೆ ಒತ್ತಿ ಕೂತು ಬಿಚ್ಚಿದ ಲೋಹದ ಅಂಚು ಎರಡನೆಯ ಸಲ ಸರಿಯಾಗಿ ಸೀಲ್ ಆಗುತ್ತದೆ ಎಂಬ ಭರವಸೆ ಇಲ್ಲ.